ಬೂಟ್ ಫ್ಲಾಪಿಗೆ ಬ್ಲೀಚಿಂಗ್ ಸ್ನಾನ

"ವಿಂಡೋಸ್ ತೊಂಬತ್ತೆಂಟನ್ನ ನಾನೇ ಹಾಕ್ತೀನಿ! ರಿಪೇರಿಯವರ ಮುಂದೆ ಕೈಕಟ್ಟಿ ನಿಲ್ಲೋ ಗಂಡಸು ನಾನಲ್ಲ!"

2003ರ ಒಂದು ಭಾನುವಾರ, ಹೊಂಗನೂರಿನ ನಮ್ಮ ಮನೆಯ ಜಗಲಿ ಮೇಲೆ ನಿಂತು ಹೀಗೆ ಘೋಷಿಸಿದೆ. ನಮ್ಮ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಎರಡು ದಿನದಿಂದ ಮುಖ ಕಪ್ಪಗೆ ಮಾಡಿಕೊಂಡು ಕೂತಿತ್ತು. ಅದರ ಹೊಟ್ಟೆಯೊಳಗಿತ್ತು, ನನ್ನ ಹೆಂಡತಿ ರಾಧಾಮಣಿ ವಾರವಿಡೀ ಟೈಪ್ ಮಾಡಿದ ರೇಷ್ಮೆಹುಳು ಸಾಕಣೆಯ ವರದಿ. ರೇಷ್ಮೆ ತರಬೇತಿ ಕೇಂದ್ರದ ಕೆಲಸಕ್ಕೆ ಅದನ್ನು ಕೊಡಲು ಸೋಮವಾರವೇ ಕಡೇ ದಿನ!

"ನನ್ ವರದಿ ಅಳ್ಸೋದ್ರೆ ಆ ಡಬ್ಬಾನೂ ಹೊರಕ್ಕೆ, ನೀವೂ ಹೊರಕ್ಕೆ!" ಅಂದಳು.

ಆ ಮುದಿ ಯಂತ್ರಕ್ಕೆ ಬರೀ ಸೀಡಿ ಹಾಕಿದರೆ ಎಚ್ಚರವಾಗದು. ಮೊದಲು ಬೂಟ್ ಫ್ಲಾಪಿ ತುರುಕಬೇಕು. ಬಸ್ಸು ಹತ್ತಿ ಚನ್ನಪಟ್ಟಣದ ತಾಜ್ ಪಾಷಾನ ಕಂಪ್ಯೂಟರ್ ಸೆಂಟರಿಗೆ ಹೋದೆ. ಇರಲಿ ಅಂತ ಎರಡು ಫ್ಲಾಪಿ ಕೊಂಡೆ. "ನೀವು ಮುಟ್ಟಬೇಡಿ ಪಾಷಾ!" ಎಂದು ನಾನೇ ಕೂತು ಒಂದನ್ನು ಬೂಟ್ ಫ್ಲಾಪಿ ಮಾಡಿದೆ. ದಿಗ್ವಿಜಯ ಮುಗಿಸಿದ ಮಹಾರಾಜನ ಗತ್ತಿನಲ್ಲಿ ಮನೆಗೆ ಬಂದು ಜೇಬಿನ ಫ್ಲಾಪಿ ತೆಗೆದು ಹೆಂಡತಿಯ ಕೈಗಿಟ್ಟೆ.

"ಜೋಪಾನ ಕಣೇ! ವೈರಸ್ ಅಂಟಿದ್ರೆ ಕತೆ ಮುಗೀತು!"

ಉಂಡು ಕೈ ತೊಳೆದು ಬಂದರೆ ಫ್ಲಾಪಿ ಇಲ್ಲ!

"ಎಲ್ಲೇ ಅದು?"

"ಅಂಗಳ್ದಲ್ಲಿ ಒಣಗ್ತಾ ಐತೆ."

"ಒಣಗ್ತಾ?!"

"ನೀವೇ ವೈರಸ್ ಅಂದ್ರಲ್ಲಾ! ಹುಳದ ತಟ್ಟೆ ತೊಳೀತಿದ್ದೆ. ಅದ್ನೂ ಬ್ಲೀಚಿಂಗ್ ನೀರಲ್ಲಿ ಅದ್ದಿ ಬಿಸ್ಲಿಗೆ ಇಟ್ಟಿವ್ನಿ. ಇನ್ನ ಯಾವ್ ವೈರಸ್ಸೂ ಬದುಕಾಕಿಲ್ಲ!"

ರೇಷ್ಮೆಹುಳು ಸಾಕುವ ಮನೆಯಲ್ಲಿ ಆ ಪದ ಬಾಯಿಂದ ಬಿಟ್ಟದ್ದು ನನ್ನದೇ ತಪ್ಪು. ಆದರೂ ಕೂಗಾಡಿದೆ. "ನಿನ್ನ ವರದಿಗೆ ನೀನೇ ಎಳ್ಳುನೀರು ಬಿಟ್ಟೆಯಲ್ಲೇ!" ಅವಳ ಕಣ್ಣು ತುಂಬಿ ಬಂತು.

ಇನ್ನೊಂದು ಬೂಟ್ ಫ್ಲಾಪಿ ಮಾಡಿಕೊಂಡು ಬರಲು ಇಬ್ಬರೂ ಮತ್ತೆ ಬಸ್ಸು ಹತ್ತಿದೆವು. ನಮ್ಮನ್ನು ಕಂಡದ್ದೇ ತಾಜ್ ಪಾಷಾ ಒಂದು ಫ್ಲಾಪಿ ಎತ್ತಿ ಹಿಡಿದ.

"ಸಾರ್, ಬೂಟ್ ಫ್ಲಾಪೀನ ಡ್ರೈವಲ್ಲೇ ಬುಟ್ಟೋಗಿದ್ರಿ! ನೀವು ತಗೊಂಡೋಗಿದ್ದು ಖಾಲೀದು!"

ಒಂದು ಖಾಲಿ ಫ್ಲಾಪಿಗಾಗಿ ಹೆಂಡತಿಯ ಕಣ್ಣಲ್ಲಿ ನೀರು ಹಾಕಿಸಿದ್ದೆ! ನೆಲ ಬಿರಿಯಬಾರದೇ ಅನ್ನಿಸಿತು. ರಾಧಾಮಣಿ ಫ್ಲಾಪಿಯನ್ನು ನನ್ನ ಕೈಗೆ ಕೊಡದೆ ತನ್ನ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಯಂತ್ರ ಎದ್ದಿತು. ಹಳೇದನ್ನು ಅಳಿಸದೆ ಅದರ ಮೇಲೇ ವಿಂಡೋಸ್ ಹಾಕಿದೆ. ವರದಿ ಹಾಗೇ ಸಿಕ್ಕಿತು! ಆ ಖುಷಿಯಲ್ಲಿ ಫ್ಲಾಪಿಯ ಮೇಲೆ 'ಬೂಟ್ ಫ್ಲಾಪಿ' ಎಂದು ಬರೆಯಲು ಪೆನ್ನು ತೆಗೆದೆ. ರಾಧಾಮಣಿ ಕಿತ್ತುಕೊಂಡಳು.

"ನೀವು ಮುಟ್ಬ್ಯಾಡಿ, ನಾನೇ ಬರೀತೀನಿ!"

ಗುಂಡಗಿನ ಅಕ್ಷರದಲ್ಲಿ ಬರೆದಳು: 'ಬುಟ್ ಬಂದ ಫ್ಲಾಪಿ'.