ಸುಣ್ಣದ ಚುಕ್ಕೆ ಒರೆಸಿದ ಮಧ್ಯಾಹ್ನ

"ಅಟ್ಟದ ಮೇಲಿನ ಹತ್ತು ಸಾವಿರ ಕಾಯಿ ಅಲ್ಲಾಡ್ಸಿ, ಯಾವುದ್ರಲ್ಲಿ ಕೊಬ್ಬರಿ ಚಿಪ್ಪು ಬಿಟ್ಟದೆ ಅಂತ ಕಿವೀಲೇ ಹೇಳೋಳು ನಾನು. ಒಂದು ಪೆಟ್ಟಿಗೆ ಒರೆಸಕ್ಕೆ ಬರಲ್ವಾ?"

ಬಿಳಿಗೆರೆಯ ದ್ರಾಕ್ಷಾಯಣಮ್ಮ ತಮಗೆ ತಾವೇ ಹೇಳಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಪೆಟ್ಟಿಗೆ ಎಂದರೆ ಸಿಂಥಸೈಜರ್, ಕರೆಂಟಿನಲ್ಲಿ ನುಡಿಯುವ ಹಾರ್ಮೋನಿಯಂ. ಗಂಡ ಸದಾಶಿವಯ್ಯ ಬೆಂಗಳೂರಿನಿಂದ ತಂದು ಭಜನೆ ಮೇಳದಲ್ಲಿ ನುಡಿಸುತ್ತಿದ್ದದ್ದು. ಅವರು ತೀರಿಕೊಂಡು ಇವತ್ತಿಗೆ ವರ್ಷ. ಸಂಜೆ ಮೇಳದವರು ಬಂದು ಅವರದೇ ನಾದದಲ್ಲಿ ಪದ ನುಡಿಸುವರೆಂದು ಮಾತಾಗಿತ್ತು.

ಪೆಟ್ಟಿಗೆಯ ಐದು ಗುಂಡಿ ತಿರುಗಿಸಿ ತಿರುಗಿಸಿ, ಮೂರು ತಿಂಗಳು ಊಟ ಆರಲು ಬಿಟ್ಟು ಹದ ಮಾಡಿದ ನಾದ ಅದು! ಊಟಕ್ಕೆ ಕೂಗಿದರೆ ಸದಾಶಿವಯ್ಯ ತೋಟದಿಂದ ಬರುತ್ತಿದ್ದದ್ದೇ ಒಂದು ಗಂಟೆ ತಡವಾಗಿ. "ಗಾಳಿಗೆ ಕೇಳಿಸ್ಲಿಲ್ಲ ಕಣೇ" ಎಂಬುದು ಅವರ ನಿತ್ಯದ ಉತ್ತರ. ಈಗ ಆ ಉತ್ತರವೂ ಇಲ್ಲ. ಅವರದೆಂದು ಕಿವಿಗೆ ಬೀಳುವಂಥದ್ದು ಆ ನಾದವೊಂದೇ.

ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಲ್ಲಿ ತಿಕ್ಕಿದರು. ಪೆಟ್ಟಿಗೆ ಫಳಫಳ! ಗುಂಡಿಗಳ ಪಕ್ಕ, ಎಲೆ ಹಾಕಿಕೊಂಡವರು ಬೆರಳೊರೆಸಿದ ಹಾಗೆ, ಸುಣ್ಣದ ಚುಕ್ಕೆಗಳು. "ಈ ಮನುಷ್ಯನ ಗಲೀಜು ಇನ್ನೂ ಮುಗೀಲಿಲ್ಲ" ಎಂದು ಉಗುರಿನಿಂದ ಕೆರೆದು ತೆಗೆದರು. ಗುಂಡಿಗಳನ್ನೂ ಸುತ್ತ ತಿರುಗಿಸಿ ಒರೆಸಿದರು.

ಹನ್ನೆರಡಕ್ಕೆ ಮೇಳದ ಲಿಂಗಣ್ಣ ಬಂದ. ಸ್ವರ ಒತ್ತಿದ. ಪೆಟ್ಟಿಗೆ ಕರುವಿನಂತೆ "ಅಂಬಾ" ಎಂದಿತು!

"ಅತ್ತಿಗೆಮ್ಮ, ಚುಕ್ಕೆ ಎಲ್ಲಿ?"

"ಯಾವ ಚುಕ್ಕೆ?"

"ಸುಣ್ಣದ್ದು! ಯಾವ ಗುಂಡಿ ಎಲ್ಲಿ ನಿಲ್ಬೇಕು ಅಂತ ಅಣ್ಣಯ್ಯ ಇಟ್ಟಿದ್ದ ಗುರ್ತು!"

ದ್ರಾಕ್ಷಾಯಣಮ್ಮ ಉಗುರಿನ ಸಂದಿಯ ಸುಣ್ಣ ನೋಡಿಕೊಂಡರು. ವರ್ಷವೆಲ್ಲ ಜೋಪಾನ ಮಾಡಿದ್ದನ್ನು ತಾವೇ ಒರೆಸಿ ಹಾಕಿದ್ದರು.

"ಕೂತ್ಕೊ. ನೀನು ತಿರುಗ್ಸು, ನಾನು ಹೇಳ್ತೀನಿ. ನನ್ನ ಕಿವಿಗೆ ಗೊತ್ತು."

ಒಂದು ಗುಂಡಿ ದನಿ ಏಳುವ ಬಿರುಸಿಗೆ. ಒಂದು ಇಳಿಯುವುದಕ್ಕೆ, ಒಂದು ನಿಲ್ಲುವುದಕ್ಕೆ. ಇನ್ನೊಂದು ಬೆರಳು ತೆಗೆದ ಮೇಲೂ ಎಳೆಯುವುದಕ್ಕೆ. ಕೊನೆಯದು ನಡುಕಕ್ಕೆ. ಮೊದಲನೆಯದನ್ನು ತಿರುಗಿಸಿದರೆ ದನಿ ಸೋಮಾರಿ ಎತ್ತಿನಂತೆ ಎದ್ದಿತು. ನಾಲ್ಕನೆಯದಕ್ಕೆ ಕರೆಂಟು ಹೋದ ಪಂಪ್‌ಸೆಟ್ಟಿನಂತೆ ನರಳಿತು. ಐದನೆಯದಕ್ಕೆ ಚಳಿಜ್ವರದ ಮೇಕೆ!

ಪಕ್ಕದ ಮನೆಯ ಹಾಲಮ್ಮ ಇಣುಕಿದಳು. "ಏನೇ, ಮೇಕೆ ಯಾವಾಗ ತಂದೆ?"

"ಹೋಗೇ ಅತ್ಲಾಗೆ!"

ಎರಡು ಗಂಟೆಯಾಯಿತು. ಹತ್ತು ಸಾವಿರ ಕಾಯಿ ತಿಳಿದ ಕಿವಿ ಕೈಕೊಟ್ಟಿತು. ದ್ರಾಕ್ಷಾಯಣಮ್ಮ ಕಣ್ಣೀರು ಕಾಣದಿರಲೆಂದು ಅಡುಗೆಮನೆಗೆ ಎದ್ದುಹೋದರು. ಮುದ್ದೆ ಕಟ್ಟಿ, ಸಿಟ್ಟನ್ನೆಲ್ಲ ಗಂಟಲಿಗೆ ತಂದು ಕೂಗಿದರು.

"ಲಿಂಗಣ್ಣಾ...! ಬುಡೋ ಅದನ್ನ, ಊಟಕ್ಕೆ ಬಾರೋ...!"

ಲಿಂಗಣ್ಣ ಪೆಟ್ಟಿಗೆ ಬಿಟ್ಟು ಏಳಲಿಲ್ಲ. "ಇನ್ನೊಂದ್ಸಲ ಕೂಗಿ!"

"ಯಾಕೆ, ಕಿವುಡಾ?"

"ಕೂಗಿ ಅಂದ್ನಲ್ಲ!"

ಕೂಗಿದರು. ಥಟ್ಟನೆ ಏಳುವುದು, ಇಳಿಯದೆ ನಿಲ್ಲುವುದು, ಕೊನೆಗೆ ನಡುಗುವುದು, ಬಾಯಿ ಮುಚ್ಚಿದ ಮೇಲೂ ತೋಟದ ತನಕ ಎಳೆಯುವುದು. ಲಿಂಗಣ್ಣ ಒಂದೊಂದಕ್ಕೂ ಒಂದೊಂದು ಗುಂಡಿ ತಿರುಗಿಸಿ ಒತ್ತಿದ.

ಅದೇ! ಅದೇ ನಾದ!

ದ್ರಾಕ್ಷಾಯಣಮ್ಮ ಸೌಟು ಹಿಡಿದೇ ಹೊಸ್ತಿಲ ಮೇಲೆ ಕೂತರು.

"ಹೆಂಗೋ ಸಿಕ್ತು?"

"'ನಮ್ಮೋಳ ಕೂಗು ಪೆಟ್ಟಿಗೇಲಿ ಹಿಡೀಬೇಕು ಕಣ್ಲಾ' ಅಂತಿದ್ರು ಅಣ್ಣಯ್ಯ. ನಾನು ತಮಾಷೆ ಅಂದ್ಕೊಂಡಿದ್ದೆ. ನೀವು ಕರೆದಾಗೆಲ್ಲ ತೆಂಗಿನ ಬುಡದಲ್ಲಿ ಕಣ್ಮುಚ್ಕೊಂಡು ಕೂತು ಕೇಳೋರು."

ಗಂಡನ ದನಿಯೆಂದು ವರ್ಷವೆಲ್ಲ ಕಾದಿದ್ದು ತಮ್ಮದೇ ಬಾಯಿಯ ಕೂಗು! ದ್ರಾಕ್ಷಾಯಣಮ್ಮ ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕ ಬಟ್ಟೆ ಎತ್ತಿಕೊಂಡರು. ಅದು ಎಣ್ಣೆಯದು. ಮುಖವೆಲ್ಲ ಜಿಡ್ಡು. ಕೈ ಅಲ್ಲೇ ನಿಂತಿತು.

"ಲಿಂಗಣ್ಣ... ಅಂದ್ರೆ ಅವರಿಗೆ ಕೇಳಿಸ್ತಿತ್ತಾ?"

"ಚೆನ್ನಾಗೇ ಕೇಳಿಸ್ತಿತ್ತು."

"ಅಯ್ಯೋ ಇವರ! ಇಪ್ಪತ್ತು ವರ್ಷ, ದಿನಾ ಎರಡೆರಡು ಸಲ ಸಾರು ಬಿಸಿ ಮಾಡಿದ್ನಲ್ಲೋ!"