ಹಾಯಿದೋಣಿಗೊಂದು ರಾಟೆ

ಒದ್ದೆ ಬಟ್ಟೆಯ ಹಗ್ಗ ಕೈಯಲ್ಲಿರುವಾಗ ನನ್ನನ್ನು ಯಾರೂ ಕರೆಯಬಾರದು. ಘಣಸೋಲಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಕೋಲುಗಳು ಮೇಲಿನಿಂದ ತೂಗುತ್ತವೆ; ರಾಟೆಯ ಹಗ್ಗ ಎಳೆದರೆ ಏರುತ್ತವೆ, ಬಿಟ್ಟರೆ ಇಳಿಯುತ್ತವೆ. ನನ್ನಂಥ ಕುಳ್ಳಿಗೆ ಕೃಷ್ಣ ದೇವರು ಕರುಣಿಸಿದ ಸೌಕರ್ಯ ಅದು. ಆವತ್ತು ಪಂಚೆಗಳು ಅರ್ಧ ಏರಿದ್ದಾಗ, ವಾಶಿಯಲ್ಲಿ ಹೋಟೆಲು ನಡೆಸುವ ನಮ್ಮ ಯಜಮಾನರ ಫೋನು ಬಂತು. "ಮಾರಾಯ್ತಿ, ಕೆಳಗೆ ಟೆಂಪೋ ಬರ್ತದೆ. ಅದರಲ್ಲಿ ಒಂದು ದೋಣಿ ಉಂಟು. ವಾಚ್‌ಮನ್ನಿಗೆ ಹೇಳು." ಹಗ್ಗ ಕೈಜಾರಿತು. ಪಂಚೆಗಳೆಲ್ಲ ನನ್ನ ತಲೆಯ ಮೇಲೆ ಇಳಿದವು.

ಊರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬರು ತಮ್ಮ ಪುಟ್ಟ ಹಾಯಿದೋಣಿಯನ್ನು ಇವರಿಗೆ ಪುಕ್ಕಟೆ ಕೊಟ್ಟಿದ್ದರಂತೆ. ಉಡುಪಿಯ ಕಡಲ ಬದಿಯಲ್ಲೇ ಹುಟ್ಟಿದರೂ ಇವರು ಮೊಣಕಾಲಿಗಿಂತ ಆಳದ ನೀರು ಕಂಡವರಲ್ಲ. ಸರಿಯಾಗಿ ಬೈದೆ. ಪೆಟ್ರೋಲು ಕುಡಿಯುವುದಿಲ್ಲವಲ್ಲ ಎಂದು ಸಮಾಧಾನವನ್ನೂ ಪಟ್ಟೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಸ್ಕೂಟರಿಗೆ ಕುಂಕುಮ ಹಚ್ಚಿ, ಪಕ್ಕದಲ್ಲೇ ಬಿದ್ದಿದ್ದ ದೋಣಿಗೆ ಹಚ್ಚದಿರಲು ಮನಸ್ಸಾಗಲಿಲ್ಲ; ಒಂದು ಮಾಲೆಯನ್ನೂ ಹಾಕಿದೆ. ಪೂಜೆ ಮಾಡಿದ ಮೇಲೆ ಯಾವ ವಸ್ತುವೂ ಮನೆಯದೇ. ಮಾರನೆಯ ದಿನ ಸೊಸೈಟಿಯ ಸೆಕ್ರೆಟರಿ ತಡೆದು ನಿಲ್ಲಿಸಿದರು. "ವಹಿನಿ, ಯೇ ಪುರಾನಾ ಭಂಗಾರ್ ಹಟಾವೋ. ರವಿವಾರ್ ಕೋ ಭಂಗಾರ್‌ವಾಲಾ ಆಯೇಗಾ." ಭಂಗಾರ್ ಎಂದರೆ ಬಂಗಾರವಲ್ಲ, ಗುಜರಿ; ಭಾನುವಾರ ಗುಜರಿಯವನು ಬರುತ್ತಾನಂತೆ.

"ಕುಂಕುಮ ಹಚ್ಚಿದ್ದನ್ನು ಭಂಗಾರ್ ಅನ್ನಬೇಡಿ. ಭಾನುವಾರ ಅದು ನೀರಿನ ಮೇಲಿರುತ್ತದೆ" ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿ ಮೇಲೆ ಬಂದೆ. "ಯಾರು ನಡೆಸುವುದು?" ಎಂದರು ಇವರು. "ನೀವೇ" ಎಂದೆ.

ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ದೋಣಿಗಳನ್ನು ನಿಲ್ಲಿಸಿಕೊಳ್ಳುವವರು, ಹಾಯಿ ಏರಿದರೆ ಮಾತ್ರ ಜಾಗ ಎಂದರು. ಏರುವುದು ಹೇಗೆ? ಕಂಬದ ತುದಿಯ ರಾಟೆಯೇ ಒಡೆದಿತ್ತು. ಇವರು ಕಳಂಬೋಲಿಯ ಕಬ್ಬಿಣದ ಪೇಟೆಗೆ ಹೋದರೆ ಅಂಗಡಿಯವನು ಕೇಳಿದ್ದು ಒಂದೇ, "ಬೋಟ್ ಕಿಸ್ ಸಾಲ್ ಕಾ?" ಯಾವ ಇಸವಿಯದೆಂದು ಯಾರಿಗೆ ಗೊತ್ತು? ಕೊಟ್ಟ ಗಿರಾಕಿಗೂ ಅದು ಬೇರೆಯವರು ಕೊಟ್ಟದ್ದೇ. ಇವರು ಬಣ್ಣ ಕೆರೆದರು: ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಬಿಳಿ. ಬಣ್ಣ ವಯಸ್ಸು ಹೇಳುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಹಿಂಬದಿಯ ಕಪ್ಪಾದ ಹಿತ್ತಾಳೆಯ ತಗಡು. ದೇವರ ದೀಪ ಉಜ್ಜುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಇಸವಿ ಫಳಫಳ ಹೊಳೆಯಿತು. ನಮ್ಮ ಮದುವೆಗಿಂತ, ಈ ಬಿಲ್ಡಿಂಗಿಗಿಂತ ಹಿಂದಿನದು.

ಫೋನು ಮಾಡಿದರೆ ಕಳಂಬೋಲಿಯವನು ನಕ್ಕ. "ಇತನಾ ಪುರಾನಾ? ಉಸ್‌ಕಾ ಮಾಲ್ ನಹೀಂ ಆತಾ." ಇಸವಿ ಗೊತ್ತಿಲ್ಲದಿದ್ದರೂ ರಾಟೆ ಇಲ್ಲ, ಗೊತ್ತಾದರೂ ಇಲ್ಲ. ಸೆಕ್ರೆಟರಿಯಂತೂ ನಾನು ಹೊಳೆಯಿಸಿದ ತಗಡನ್ನೇ ಓದಿ ತಲೆಯಾಡಿಸಿದರು. ಅವರ ವಾದಕ್ಕೆ ಸಾಕ್ಷಿ ಉಜ್ಜಿಕೊಟ್ಟವಳು ನಾನೇ. ಆದರೂ ಬಿಡಲಿಲ್ಲ. "ಹಳೆಯದನ್ನೆಲ್ಲ ಎಸೆಯುವುದಾದರೆ ಮೊದಲು ನಮ್ಮ ಲಿಫ್ಟು ಎಸೆಯಿರಿ, ದೋಣಿಯ ಮಾತು ಆಮೇಲೆ" ಎಂದೆ.

ಶನಿವಾರ ಸ್ಟೂಲು ಹತ್ತಿ ಬಾಲ್ಕನಿಯ ರಾಟೆ ಬಿಚ್ಚಿದೆ. "ಬೇಡ ಮಾರಾಯ್ತಿ, ಬಟ್ಟೆ ಎಂತ ಮಾಡ್ತಿ?" ಎಂದರು ಇವರು. "ಅದನ್ನು ದೇವರು ನೋಡ್ಕೊಳ್ತಾನೆ. ನೀವು ಈಜು ಕಲೀರಿ." ಭಾನುವಾರ ಹಾಯಿ ಏರಿತು, ನಮ್ಮ ಬಾಲ್ಕನಿಯಲ್ಲಿ ಕಿರುಗುಟ್ಟುವಂತೆಯೇ ಕಿರುಗುಟ್ಟುತ್ತ. ಇವರು ಲೈಫ್ ಜಾಕೆಟ್ಟಿನಲ್ಲಿ ದೋಣಿಯ ಎರಡೂ ಅಂಚು ಅಪ್ಪಿ ಹಿಡಿದು ಹೋದರು, ದೇವರ ದಯೆ, ಹಾಗೆಯೇ ಬಂದರು. ದೋಣಿಗೆ ಜಾಗ ಸಿಕ್ಕಿತು.

ಸೋಮವಾರ ಹಾರ್ಡ್‌ವೇರ್ ಅಂಗಡಿಯಲ್ಲಿ ಬಟ್ಟೆಯ ಕೋಲಿಗೊಂದು ರಾಟೆ ಕೇಳಿದೆ. ಆತ ಕತ್ತೆತ್ತದೆ ಕೇಳಿದ, "ಹ್ಯಾಂಗರ್ ಕಿಸ್ ಸಾಲ್ ಕಾ?" ಉಜ್ಜಿ ನೋಡಲು ಅದರಲ್ಲಿ ತಗಡೂ ಇಲ್ಲ. ಬರಿಗೈಯಲ್ಲಿ ಮನೆಗೆ ಬಂದು, ಸೆರಗು ಸಿಕ್ಕಿಸಿ ಸ್ಟೂಲು ಹತ್ತಿ, ಮೊದಲ ಪಂಚೆಯನ್ನು ಕೊಡವಿದೆ.