ನಮ್ಮಪ್ಪ ಒದ್ದದ್ದು ನಾಟಕದಾಗರೀ!

ಕಥೆಯನ್ನು ಕಥೆ ಎಂದು ಬಿಡಬೇಕೋ, ಖರೆ ಎಂದು ಬೈಯಬೇಕೋ ಎಂಬ ಜಗಳ ನನ್ನ ಬೆನ್ನು ಬಿಟ್ಟಿಲ್ಲ. ಬಬಲೇಶ್ವರ ಕಡೆಯ ತವರಿನಲ್ಲಿ ನಾಟಕದ ಮೇಲೆ ನಡೆಯುತ್ತಿತ್ತು, ತಿಕೋಟಾದ ಗಂಡನ ಮನೆಗೆ ಬಂದರೆ ಧಾರಾವಾಹಿ ಮೇಲೆ. ನಾನು ಹತ್ತನೇ ಇಯತ್ತೆ ಓದಿದವಳು, ತೀರ್ಪು ಕೊಡುವಷ್ಟು ದೊಡ್ಡವಳಲ್ಲ. ಆದರೆ ಈ ಜಗಳದಲ್ಲಿ ನನ್ನ ಮದುವೆಯೇ ಮುರಿದು ಬೀಳುವುದರಲ್ಲಿತ್ತು. ಹಾಗಾಗಿ ಮಾತಾಡುವ ಹಕ್ಕಿದೆ.

ಥರ್ಮಾಸ್ ಚಹಾ

ಮಗಳನ್ನು ಅಂಗನವಾಡಿಗೆ ಬಿಟ್ಟು ನಾನು ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಹೋಗುತ್ತೇನೆ. ಕೈಗೆ ಕೆಲಸ, ಬಾಯಿ ಖಾಲಿ. ಮೊನ್ನೆ ಒಂದು ಧಾರಾವಾಹಿಯಲ್ಲಿ ಸೊಸೆ ಅತ್ತೆಯ ಹಾಲಿಗೆ ವಿಷ ಹಾಕಿದಳು. ನಮ್ಮ ಶೆಡ್ಡು ಎರಡು ಪಾರ್ಟಿ ಆಯಿತು.

"ಇಂಥಾದ್ದು ತೋರಿಸಿದ್ರ ಮನಿಮನಿ ಸೊಸ್ತೇರು ಕಲೀತಾರ. ಬಂದ್ ಮಾಡ್ಬೇಕು ಅದನ್ನ," ಅಂದಿತು ಒಂದು ಪಾರ್ಟಿ.

ಎದುರು ಪಾರ್ಟಿಗೆ ಮುಖಂಡಳು ನನ್ನ ಪಕ್ಕದಲ್ಲಿ ಕೂರುವ ಹಿರಿಯಳು, ನಮಗೆಲ್ಲ ಕಾಕು. "ಕಥಿಬೇ ಅದು! ಕಥಿ ನೋಡಿ ಯಾರರೆ ವಿಷ ಹಾಕ್ತಾರೇನು? ತೆಲಿ ಐತಿಲ್ಲೋ ನಿಮಗ?"

ಅಷ್ಟರಲ್ಲಿ ಕಾಕುವಿನ ಸೊಸೆ ಥರ್ಮಾಸ್‌ನಲ್ಲಿ ಚಹಾ ತಂದಿಟ್ಟು ಹೋದಳು. ಕಾಕು ಲೋಟಕ್ಕೆ ಬಗ್ಗಿಸಿದಳು, ಅದನ್ನೇ ನೋಡಿದಳು, ನನ್ನ ಕಡೆ ಸರಿಸಿದಳು.

"ನೀ ಮೊದಲ ಕುಡಿ ತಂಗಿ, ದಣದಿ."

ನಾಲ್ಕು ವರ್ಷದಲ್ಲಿ ಆಕೆ ನನಗೆ ಚಹಾ ಕೊಟ್ಟದ್ದು ಅದೇ ಮೊದಲು. ಕುಡಿದೆ. ಕಾಕು ನನ್ನ ಮುಖ ನೋಡುತ್ತಲೇ ಅರ್ಧ ಟ್ರೇ ದ್ರಾಕ್ಷಿ ಆರಿಸಿ, ಆಮೇಲೆ ತನಗೂ ಬಗ್ಗಿಸಿಕೊಂಡಳು.

ಮೊದಲ ರೊಟ್ಟಿ

ಇಂಥದ್ದು ನಡೆದಾಗೆಲ್ಲ ನನಗೆ ಅಪ್ಪ ನೆನಪಾಗುತ್ತಾನೆ. ಈಗ ಊರಲ್ಲಿ ನಾಟಕವೂ ಇಲ್ಲ, ಅವನು ಬಣ್ಣ ಹಚ್ಚುವುದೂ ಇಲ್ಲ. ಆಗ ಅವನು ಖಾಯಂ ಖಳನಾಯಕ. ಹೆತ್ತ ತಾಯಿಯನ್ನು ಒದ್ದು ಹೊರಗೆ ಹಾಕುವ ಪಾತ್ರ. ಒದೆಯುತ್ತಿದ್ದದ್ದು ಗಾಳಿಗೆ, ಆದರೂ ತಾಯಿ ಪಾತ್ರದವಳು ಮೂರು ಉರುಳು ಉರುಳುತ್ತಿದ್ದಳು. ಮುಂದೆ ಕೂತ ಹೆಂಗಸರು ಅವನ ವಂಶ ಎತ್ತಿ ಬೈಯುತ್ತಿದ್ದರು. ವಂಶದಲ್ಲಿ ನಾವೂ ಬರುತ್ತಿದ್ದೆವು.

ತಾಯಿ ಪಾತ್ರಕ್ಕೆ ವಿಜಯಪುರದಿಂದ ಬರುತ್ತಿದ್ದ ಕಲಾವಿದೆ ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವಳು. ಮರುದಿನ ಅವಳ ಊಟ ನಮ್ಮ ಮನೆಯಲ್ಲಿ. ಅಪ್ಪನ ಹೆತ್ತವ್ವ, ನಮ್ಮ ಆಯಿ, ಬಿಸಿ ರೊಟ್ಟಿಯನ್ನೆಲ್ಲ ಅವಳ ತಾಟಿಗೇ ಹಾಕಿದಳು.

"ಯವ್ವಾ, ನನಗೂ ಹಾಕ," ಎಂದ ಅಪ್ಪ.

"ತಡಿ. ಆಕಿನ್ನ ಉಪಾಸ ಹೊರಗ ಹಾಕಿದವ ನೀನ ಅಲಾ?"

"ಅದು ನಾಟಕ ಬೇ!"

"ನಾಟಕ ಅಂತ ನನಗೂ ಗೊತ್ತೈತಿ. ಆದ್ರೂ ತಡಿ."

ಕೊನೆಗೆ ಆ ಕಲಾವಿದೆಗೇ ಕರುಣೆ ಬಂತು. "ಹಾಕ್ರಿ ಆಯಿ, ಎಷ್ಟಂದ್ರೂ ನನ್ನ ಮಗಾ."

ಅವಲಕ್ಕಿ ತಾಟು

ತಿಕೋಟಾದಿಂದ ನನ್ನನ್ನು ನೋಡಲು ಬಂದರು. ಹುಡುಗ ಒಪ್ಪಿದ. ನಾನು ಬಾಗಿಲ ಸಂದಿಯಿಂದ ಅದಕ್ಕೂ ಮೊದಲೇ ಒಪ್ಪಿದ್ದೆ. ಅತ್ತೆಯಾಗುವವಳು "ಹುಡುಗಿ ಚಲೋ ಅದಾಳ" ಎನ್ನುತ್ತ ಅವಲಕ್ಕಿ ತಿನ್ನುತ್ತಿದ್ದಳು. ಅಷ್ಟರಲ್ಲಿ ಅಪ್ಪ ಹೊಲದಿಂದ ಬಂದ. ಅತ್ತೆ ತಾಟು ಕೆಳಗಿಟ್ಟಳು. ನಮ್ಮೂರಲ್ಲಿದ್ದ ತನ್ನ ತಂಗಿಯ ಮನೆಗೆ ಬಂದಾಗ ನಾಟಕ ನೋಡಿದ್ದಳಂತೆ.

"ಅವ್ವನ್ನ ಒದ್ದವ ಇಂವನ ಅಲಾ?"

"ನಾಟಕದಾಗರೀ!" ಅಪ್ಪ ಕೈಮುಗಿದ.

"ನಾಟಕ ಅಂತ ನನಗೂ ತಿಳೀತೈತ್ರಿ. ಒಳಗ ಇಲ್ದ ಅಷ್ಟು ಚಂದ ಒದಿಯಾಕ ಬರ್ತೈತೇನು?"

ಆಯಿ ಓಡಿ ಬಂದಳು. "ಇಂವನ ಖರೇ ಅವ್ವ ನಾನು. ಒಂದಿನ ನನಗ ಎದುರು ಮಾತಾಡಿಲ್ಲವ್ವ ನನ್ನ ಮಗಾ."

ಅತ್ತೆ ಆಯಿಯ ಕೈ ಹಿಡಿದು ಕಣ್ಣು ಒರೆಸಿಕೊಂಡಳು. "ಪಾಪ, ಎಷ್ಟು ಅಂಜಿಸಿ ಇಟ್ಟಾನ ನೋಡ್ರಿ!"

ಒಳ್ಳೆಯ ಮಗ

ಹಿರಿಯರು ಕೂತು ದಾರಿ ಹುಡುಕಿದರು. ಮುಂದಿನ ನಾಟಕದಲ್ಲಿ ಅಪ್ಪ ಒಳ್ಳೆಯ ಮಗನ ಪಾತ್ರ ಮಾಡಬೇಕು, ಅತ್ತೆ ನೋಡಿ ತೀರ್ಮಾನ ಹೇಳಬೇಕು.

ಅಪ್ಪ ನನಗಾಗಿ ಮೀಸೆ ಬೋಳಿಸಿದ. ಜಡ್ಡಾಗಿ ಹಾಸಿಗೆ ಹಿಡಿದ ತಾಯಿಯ ಕಾಲು ಹಿಡಿದು ಅಳುವ ದೃಶ್ಯ. ಹುಟ್ಟಿದಾಗಿನಿಂದ ಸ್ಟೇಜಿನ ಮೇಲೆ ಗಹಗಹಿಸಿಯೇ ಗೊತ್ತು ಅವನಿಗೆ. ಕಣ್ಣಿಗೆ ಟಾವೆಲ್ ಹಿಡಿದ, ಭುಜ ಕುಣಿಸಿದ, ಬಾಯಿಂದ ಮಾತ್ರ ಅದೇ ಹಳೆಯ ಖಳನಾಯಕನ ನಗೆ ಬಂತು. ಜನ ಬಿದ್ದು ಬಿದ್ದು ನಕ್ಕರು. ತಿಕೋಟಾದ ಹುಡುಗ ಕೈತಪ್ಪಿದ ಎಂದು ನಾನು ಪರದೆಯ ಹಿಂದೆ ನಿಂತು ಅತ್ತುಬಿಟ್ಟೆ. ನಮ್ಮ ಮನೆಯವರಲ್ಲಿ ಅವತ್ತು ಸರಿಯಾಗಿ ಅತ್ತವಳು ನಾನೊಬ್ಬಳೇ.

ನಾಟಕ ಮುಗಿಯುತ್ತಲೇ ಅತ್ತೆ ನೇರ ಅಪ್ಪನ ಹತ್ತಿರ ಬಂದಳು.

"ಬೀಗರ, ಒಳ್ಳೆತನದ ನಾಟಕ ನಿಮಗ ಒಟ್ಟ ಬರಾಂಗಿಲ್ಲ. ಅಂದ್ರ ನೀವು ಖರೇನ ಒಳ್ಳೆ ಮನಶ್ಯಾರು. ಹೆಣ್ಣ ಕೊಡ್ರಿ."

ಎಲ್ಲರಿಗೂ ಖುಷಿ, ಅಪ್ಪನೊಬ್ಬನನ್ನು ಬಿಟ್ಟು. ವಿಜಯಪುರದ ಗಾಂಧಿ ಚೌಕದಲ್ಲಿ ಮದುವೆ ಸೀರೆ ಆರಿಸುವಾಗಲೂ ಮುಖ ಬಿಗಿದುಕೊಂಡೇ ಕೂತಿದ್ದ.

ನನ್ನನ್ನು ಕಳಿಸಿಕೊಡುವ ಹೊತ್ತು ಬಂತು. ಜೀಪು ನಿಂತಿತ್ತು. ಅಪ್ಪ ನನ್ನ ಕೈ ಹಿಡಿದ. ಕಣ್ಣಲ್ಲಿ ದಳದಳ ನೀರು. ಏನೋ ಬುದ್ಧಿಮಾತು ಹೇಳುತ್ತಾನೆ ಎಂದು ಕಿವಿಗೊಟ್ಟೆ.

"ಯವ್ವಾ, ಆ ಅಳೂ ಸೀನು ಖರೇನ ಅಷ್ಟು ಕೆಟ್ಟಿತ್ತೇನು?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಜೀಪಿನಿಂದ ಇಣುಕಿ ಅವನ ಕಣ್ಣೀರು ನೋಡಿದಳು.

"ಬೀಗರ, ಅವತ್ತ ಇಷ್ಟು ಚಂದ ಅತ್ತಿದ್ರ ನಾ ನಿಮ್ಮ ಹೆಣ್ಣ ತರ್ತಿದ್ದಿಲ್ಲ ನೋಡ್ರಿ!"